ಮಳೆಯ ಲೆಕ್ಕ ಮತ್ತು ಗಟ್ ನಂಬರು

ಈ ಸಲ ರೋಹಿಣಿ ಮುಗಿಯುವ ಹೊತ್ತಿಗೆ ವಾಚನಾಲಯದ ಕಟ್ಟೆಯ ಮೇಲೆ ನಾವು ಐದಾರು ಮಂದಿ ಕೂತಿದ್ದೆವು. ಒಬ್ಬ ಹುಡುಗ ಮೊಬೈಲ್ ನೋಡಿ, "ನಾಳಿ ಜತ್ತದಾಗ ಮಳಿ ಐತಿ" ಅಂದ. ನಮ್ಮ ಓಣಿಯ ಕಾಕಾ ಬಾಯಾಗಿನ ಎಲಿ ಅಡಿಕಿ ಒಂದ ಕಡೆ ಸರಿಸಿ ಕೇಳಿದರು: "ಜತ್ತದಾಗ ಅಂದ್ರ ಎಲ್ಲಿ? ಜತ್ತದ ಪ್ಯಾಟಿಯಾಗೋ, ಸಂಖದಾಗೋ, ಉಮದಿಯಾಗೋ? ಆ ಹೇಳಾವಗ ನಮ್ಮ ತಿಕೋಂಡಿ ಎಲ್ಲೈತಿ ಅನ್ನೂದರ ಗೊತ್ತೈತೇನು?"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಯಾಕಂದ್ರ ನನ್ನ ನೌಕರಿಯ ವರ್ಷಗಳೆಲ್ಲ ಇಂಥ ಲೆಕ್ಕ ಮಾಡುವ ಭಾಷೆಯ ಜೋಡಿಯೇ ಕಳೆದುಹೋಗಿವೆ. "ಕಾಕಾ, ಇದಕ್ಕ ನಿಂತ ನಿಲುವಿನ ಮ್ಯಾಲ ಉತ್ತರ ಹೇಳಾಕ ಆಗೂದಿಲ್ಲ, ಬರದ ಕೊಡ್ತೀನಿ" ಅಂದೆ. ಈ ಬರಹ ಆ ಮಾತಿನ ಸಾಲ ತೀರಿಸಲಿಕ್ಕೆ.

ಮೊದಲ ಮಾತು: ಹೇಳುವವನು ಎಲ್ಲಿಯೂ ಕೂತಿಲ್ಲ. ಗಾಳಿ, ಬಿಸಿ, ಆವಿ, ಒತ್ತಡ ಇವುಗಳ ಇವತ್ತಿನ ಅಳತೆ ತೆಗೆದುಕೊಂಡು ನಾಳೆಯದನ್ನು ಲೆಕ್ಕ ಹಾಕುವ ಒಂದು ಬಹಳ ಉದ್ದನೆಯ ಕಂಪ್ಯೂಟರ್ ಪ್ರೋಗ್ರಾಮು ಇರುತ್ತದೆ. ಅದು ಬರೆದಿರುವುದು ಬಹುಪಾಲು ಫೋರ್ಟ್ರಾನ್ ಎಂಬ ಭಾಷೆಯಲ್ಲಿ. ಈಗಿನ ಹುಡುಗರು ಪುಣೆ ಬೆಂಗಳೂರಿನಲ್ಲಿ ಕಲಿಯುವ ಹೊಸ ಭಾಷೆಗಳು ಬೇರೆ. ಆದರೆ ಹವಾಮಾನದ ದೊಡ್ಡ ಲೆಕ್ಕ ಇವತ್ತಿಗೂ ಈ ಮುದುಕನ ಹೆಗಲ ಮೇಲೇ ಇದೆ.

ಎರಡನೇ ಮಾತು: ಆ ಪ್ರೋಗ್ರಾಮಿಗೆ ತಿಕೋಂಡಿ ಕಾಣುತ್ತದೋ ಇಲ್ಲವೋ ಎಂಬುದು ಅದರ ಬುದ್ಧಿಯ ಮೇಲೆ ಎಷ್ಟು ನಿಂತಿದೆಯೋ, ಅದರ ಮೆಮರಿಯ ಮೇಲೆಯೂ ಅಷ್ಟೇ ನಿಂತಿದೆ. ಭೂಮಿಯನ್ನೆಲ್ಲ ಅದು ಚೌಕಗಳಾಗಿ ಹಂಚಿಕೊಳ್ಳುತ್ತದೆ, ಹೊಲಕ್ಕೆ ವಾಕು ಹಾಕಿದ ಹಾಗೆ. ಒಂದೊಂದು ಚೌಕಕ್ಕೂ ಗಾಳಿ, ಬಿಸಿ, ತೇವದ ಅಂಕಿ ಎಲ್ಲಾದರೂ ಇಡಬೇಕಲ್ಲ? ಅದನ್ನು ಇಡುವ ಜಾಗವೇ ಮೆಮರಿ. ಜಾಗ ಕಡಿಮೆ ಇದ್ದರೆ ಚೌಕ ದೊಡ್ಡವು. ಚೌಕ ದೊಡ್ಡವಾದರೆ ನಮ್ಮೂರು ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಈ ಜಾಗವನ್ನು ಹೆಂಗ ಹಂಚಿದರು, ಒಂದು ಕೆಲಸದವನು ಇನ್ನೊಬ್ಬನಿಗೆ ಜಾಗದ ಗುರುತು ಹೆಂಗ ಹೇಳಿದ ಎಂಬುದಕ್ಕೂ ಒಂದು ಚರಿತ್ರೆ ಇದೆ. ಅದರ ಒಂದು ಮುಖ್ಯ ಪಾಠ ನಡೆದದ್ದು ನಮ್ಮ ಕನ್ನಡ ನಾಡಿನ ಬೆಂಗಳೂರಿನಲ್ಲಿ.

ಫೋರ್ಟ್ರಾನ್ ಹುಟ್ಟಿದ್ದು ಅಮೆರಿಕದ ಐಬಿಎಂ ಕಂಪನಿಯಲ್ಲಿ. ಜಾನ್ ಬ್ಯಾಕಸ್ ಎಂಬವರ ತಂಡ ಕಟ್ಟಿದ ಈ ಭಾಷೆ 1957ರಲ್ಲಿ ಐಬಿಎಂ 704 ಎಂಬ ಯಂತ್ರಕ್ಕೆ ಬಂತು. ಅದಕ್ಕೂ ಮೊದಲು ಯಂತ್ರಕ್ಕೆ ಅದರದೇ ಅಂಕಿ ಭಾಷೆಯಲ್ಲಿ ಹೇಳಬೇಕಾಗಿತ್ತು. ಫೋರ್ಟ್ರಾನ್ ಬಂದಮೇಲೆ ನಾವು ಶಾಲೆಯಲ್ಲಿ ಸೂತ್ರ ಬರೆಯುವಂತೆಯೇ ಬರೆದರೆ ಸಾಕಾಯಿತು. ಮರು ವರ್ಷ, ಅಂದರೆ 1958ರಲ್ಲಿ, ಎರಡನೇ ಆವೃತ್ತಿ ಬಂತು. ಸಬ್‌ರುಟೀನ್ ಎಂಬುದು ಭಾಷೆಯೊಳಗೆ ಬಂದದ್ದು ಆಗ.

ಸಬ್‌ರುಟೀನ್ ಅಂದ್ರ ದೊಡ್ಡ ಕೆಲಸದೊಳಗಿನ ಒಂದು ಸಣ್ಣ ಕೆಲಸ. ಲಗ್ನದ ಮನೆಯಲ್ಲಿ ಹಂದರದವನು ಬೇರೆ, ಅಡುಗೆಯವನು ಬೇರೆ ಇರುವ ಹಾಗೆ, ಮಳೆಯ ಲೆಕ್ಕದಲ್ಲಿ ಬಿಸಿಲಿನ ಲೆಕ್ಕಕ್ಕೆ ಒಂದು, ಮೋಡದ ಲೆಕ್ಕಕ್ಕೆ ಒಂದು. ಮುಖ್ಯ ಪ್ರೋಗ್ರಾಮು ಒಬ್ಬೊಬ್ಬರನ್ನೇ ಕರೆದು ಕೆಲಸ ಹೇಳುತ್ತದೆ. ಈಗ ಪ್ರಶ್ನೆ: ಕೆಲಸಕ್ಕೆ ಬೇಕಾದ ಅಂಕಿಗಳನ್ನು ಅವನ ಕೈಗೆ ಹೆಂಗ ಕೊಡೂದು? ಸಾವಿರಾರು ಅಂಕಿ ಇದ್ದರೆ ಪ್ರತಿ ಸಲ ನಕಲು ಮಾಡಿ ಕೊಡಲಿಕ್ಕೆ ವೇಳೆಯೂ ಇಲ್ಲ, ಇಡಲಿಕ್ಕೆ ಜಾಗವೂ ಇಲ್ಲ.

ನಾವು ತಲಾಠಿ ಕಚೇರಿಗೆ ಹೋಗುವಾಗ ಹೊಲ ಹೊತ್ತುಕೊಂಡು ಹೋಗುತ್ತೇವೇನು? ಗಟ್ ನಂಬರು ಹೇಳುತ್ತೇವೆ, ಸಾತ್‌ಬಾರಾ ಉತಾರ ತೋರಿಸುತ್ತೇವೆ. ಫೋರ್ಟ್ರಾನೂ ಇದನ್ನೇ ಮಾಡಿತು. ಅಂಕಿಯನ್ನು ಕೊಡದೆ, ಅಂಕಿ ಇರುವ ಜಾಗದ ನಂಬರು ಕೊಟ್ಟಿತು. ಲಕ್ಷ ಅಂಕಿಯ ಸಾಲಾದರೂ ಕೊಡಬೇಕಾದದ್ದು ಮೊದಲನೆಯದರ ನಂಬರು ಒಂದೇ. ಇದರಿಂದ ಕೆಲಸ ಬಹಳ ಚುರುಕಾಯಿತು, ಆದರೆ ಒಂದು ಅಪಾಯವೂ ಜೊತೆಗೇ ಬಂತು. ಗಟ್ ನಂಬರು ಸಿಕ್ಕವನು ಕಾಗದ ನೋಡಿ ಸುಮ್ಮನೆ ಹೋಗುವುದಿಲ್ಲ. ನಿಜವಾದ ಹೊಲಕ್ಕೇ ಬರುತ್ತಾನೆ. ಬಿತ್ತಲೂಬಹುದು, ಬದು ಒಡೆಯಲೂಬಹುದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ. 1980ರ ದಶಕದ ಆರಂಭ. ತಿಕೋಂಡಿಯ ಕನ್ನಡ ಶಾಲೆಯಿಂದ ಹೊರಟವನು ಮರಾಠಿ ದಾಟಿ ಇಂಗ್ಲಿಷಿನ ದಡ ಹತ್ತಲು ಹೆಣಗುತ್ತಿದ್ದ ಕಾಲೇಜಿನ ದಿನಗಳು. ಆಗ ಪ್ರೋಗ್ರಾಮ್ ಅಂದ್ರ ದಪ್ಪ ಕಾಗದದ ಕಾರ್ಡುಗಳ ಕಟ್ಟು. ಒಂದು ಸಾಲಿಗೆ ಒಂದು ಕಾರ್ಡು, ಅಕ್ಷರಕ್ಕೊಂದಿಷ್ಟು ತೂತು. ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬಂದರೆ ಉತ್ತರ ಸಿಗುವುದು ಮರುದಿನ. ನಾನು ನಮ್ಮ ಕಡೆಯ ಮಳೆಯ ಅಂಕಿ ತಂದು ತಿಂಗಳ ಸರಾಸರಿ ತೆಗೆಯುವ ಪ್ರೋಗ್ರಾಮು ಬರೆದಿದ್ದೆ. ಹನ್ನೆರಡು ತಿಂಗಳು, ಹಾಗಾಗಿ ಸಬ್‌ರುಟೀನಿಗೆ 12 ಎಂದು ಕೊಟ್ಟೆ. ಒಳಗೆ, ಅಂಕಿ ಬರೆಯದೆ ಖಾಲಿ ಬಿಟ್ಟ ತಿಂಗಳು ಸಿಕ್ಕರೆ ಆ ಸಂಖ್ಯೆಯಿಂದ ಒಂದು ಕಳೆಯುವಂತೆ ನಾನೇ ಬರೆದಿದ್ದೆ.

ಎರಡನೇ ವರ್ಷದಿಂದ ಮುಂದೆ ಎಲ್ಲ ಉತ್ತರ ತಪ್ಪು. ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಒಬ್ಬ ಹಿರಿಯ ಸರ್ ತಿಳಿಸಿಕೊಟ್ಟರು: ನಾನು ಕೊಟ್ಟದ್ದು 12 ಎಂಬ ಅಂಕಿಯನ್ನಲ್ಲ, 12 ಬರೆದಿಟ್ಟ ಜಾಗದ ನಂಬರನ್ನು. ಸಬ್‌ರುಟೀನು ಆ ಜಾಗಕ್ಕೇ ಹೋಗಿ ಅಲ್ಲಿದ್ದದ್ದನ್ನು 11 ಮಾಡಿ ಬಂದಿತ್ತು. ಅಲ್ಲಿಂದ ಮುಂದೆ ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ 12 ಎಂದು ಬರೆದಿದ್ದೆನೋ ಅಲ್ಲೆಲ್ಲ ಯಂತ್ರ 11 ಎಂದು ಓದುತ್ತಿತ್ತು. ಹಳೆಯ ಫೋರ್ಟ್ರಾನ್ ಯಂತ್ರಗಳ ಪ್ರಸಿದ್ಧ ತಂಟೆ ಇದು, ಜಗತ್ತಿನಲ್ಲಿ ನನಗೊಬ್ಬನಿಗೇ ಆದದ್ದಲ್ಲ. ಸುಟಿಗೆ ಊರಿಗೆ ಬಂದಾಗ ಅಪ್ಪನಿಗೆ, "ನನ್ನ ಲೆಕ್ಕದಾಗ ವರ್ಷಕ್ಕ ಹನ್ನೊಂದ ತಿಂಗಳ ಆಗ್ಯಾವಪ್ಪಾ" ಅಂದೆ. ಅಪ್ಪ ಬಾರಕೋಲಿನ ಬಾರು ಬಿಗಿಯುತ್ತಾ, "ಒಂದ ತಗಿಯೂದಿದ್ರ ಮೇ ತಿಂಗಳ ತಗದ ಬಿಡು, ನೀರಿನ ಕಾಟರ ತಪ್ಪಲಿ" ಅಂದ. 1972ರ ಬರವನ್ನು ಮೈಮೇಲೆ ಹೊತ್ತ ಮನುಷ್ಯನ ಮಾತು ಅದು. ಆ ವರ್ಷ ನಮ್ಮೂರಿನವರು ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದದ್ದನ್ನು ನಾನೂ ಹತ್ತು ವರ್ಷದ ಹುಡುಗನಾಗಿ ನೋಡಿದವನೇ.

ಗಟ್ ನಂಬರಿನ ಜೊತೆಗೆ ಹಳೆಯ ಫೋರ್ಟ್ರಾನಿನಲ್ಲಿ ಇನ್ನೊಂದು ದಾರಿಯೂ ಇತ್ತು. ಅದಕ್ಕೆ ಕಾಮನ್ ಅನ್ನುತ್ತಾರೆ, ನಮ್ಮ ಊರ ಗಾಯರಾಣ ಇದ್ದಂತೆ. ಎಲ್ಲ ಸಬ್‌ರುಟೀನುಗಳಿಗೂ ಸೇರಿದ ಜಾಗ, ಯಾರು ಬೇಕಾದರೂ ಮೇಯಿಸಬಹುದು. ಆದರೆ ಆ ಜಾಗದಲ್ಲಿ ಯಾವ ಅಂಕಿ ಎಲ್ಲಿ ಎಂಬ ಗುರುತನ್ನು ಒಬ್ಬೊಬ್ಬ ಸಬ್‌ರುಟೀನೂ ತನ್ನ ತನ್ನ ಕಡೆ ಬರೆದುಕೊಳ್ಳಬೇಕು. ಹೆಸರು ಲೆಕ್ಕಕ್ಕಿಲ್ಲ, ಬರೀ ಸರದಿ. ಒಂದು ಕಡೆ ಮಧ್ಯದಲ್ಲಿ ಹೊಸ ಅಂಕಿ ಸೇರಿಸಿ ಇನ್ನೊಂದು ಕಡೆ ತಿದ್ದುವುದು ಮರೆತರೆ ಎಲ್ಲವೂ ಒಂದೊಂದು ಮನೆ ಸರಿಯುತ್ತದೆ. ಆಮೇಲೆ ಬಿಸಿಯ ಅಂಕಿಯನ್ನು ಗಾಳಿ ಎಂದು ಓದುತ್ತದೆ. ಯಂತ್ರ ಒಂದು ಮಾತೂ ತಕರಾರು ಮಾಡುವುದಿಲ್ಲ.

ಮೂರನೆಯ ತೊಡಕು ಎಲ್ಲಕ್ಕಿಂತ ದೊಡ್ಡದು. ಜಾಗ ಎಷ್ಟು ಬೇಕು ಎಂಬುದನ್ನು ಪ್ರೋಗ್ರಾಮು ಬರೆಯುವಾಗಲೇ ಕಲ್ಲಿನ ಮೇಲೆ ಕೊರೆದಂತೆ ಹೇಳಬೇಕಾಗಿತ್ತು. 1966ರ ನಿಯಮದಲ್ಲಿಯೂ ಹಾಗೇ, ಫೋರ್ಟ್ರಾನ್ 77ರಲ್ಲಿಯೂ ಹಾಗೇ. ಲಗ್ನಕ್ಕೆ ಇನ್ನೂರು ಮಂದಿ ಎಂದು ಹಂದರ ಹಾಕಿದರೆ ಇನ್ನೂರೇ. ನಾಲ್ಕುನೂರು ಬಂದರೆ ಹಂದರ ಕಿತ್ತು ಮತ್ತೆ ಹಾಕಬೇಕು, ಐವತ್ತೇ ಬಂದರೂ ಅಷ್ಟು ಜಾಗ ಸುಮ್ಮನೆ ಹಿಡಿದಿರುತ್ತದೆ.

ಇಷ್ಟು ತಿಳಿದುಕೊಂಡು ಈಗ ದಿಲ್ಲಿಗೆ ಹೋಗೋಣ. ಭಾರತ ಸರಕಾರ ಮಳೆಯ ಮುನ್ಸೂಚನೆಗಾಗಿ 1988ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ತೆರೆಯಿತು. ಮಧ್ಯಮ ಅವಧಿಯ ಹವಾಮಾನ ಮುನ್ಸೂಚನೆಯ ಕೇಂದ್ರ ಅದು. ಅದಕ್ಕೆ ಅಮೆರಿಕದಿಂದ ಕ್ರೇ ಎಂಬ ಸೂಪರ್ ಕಂಪ್ಯೂಟರು ತಂದರು. ನಾವು ಕೇಳಿದ್ದು ದೊಡ್ಡದು, ಅವರು ಕೊಟ್ಟದ್ದು ಅದಕ್ಕಿಂತ ಸಣ್ಣದು, ಎಕ್ಸ್-ಎಂಪಿ/14 ಎಂಬ ಮಾದರಿ. ಆ ಹೆಸರಿನಲ್ಲಿಯೇ ಅದರ ಉತಾರ ಇದೆ: 1 ಅಂದರೆ ಒಂದು ಪ್ರೊಸೆಸರು, 4 ಅಂದರೆ ಸುಮಾರು 40 ಲಕ್ಷ ಅಂಕಿ ಹಿಡಿಯುವ ಮೆಮರಿ. ಈಗಿನ ಲೆಕ್ಕದಲ್ಲಿ 32 ಎಂಬಿ. ನಿಮ್ಮ ಕಿಸೆಯಲ್ಲಿರುವ ಮೊಬೈಲಿನಲ್ಲಿ ಇದರ ನೂರು ಪಟ್ಟಿಗಿಂತ ಹೆಚ್ಚು ಇರುತ್ತದೆ.

ಅದರ ಮೇಲೆ ಓಡಿದ ಮಳೆಯ ಪ್ರೋಗ್ರಾಮಿಗೆ ಟಿ-80 ಎಂದು ಹೆಸರು. ಅದು ಭೂಮಿಯನ್ನು ಸುತ್ತಲೂ 256 ಭಾಗ, ಉತ್ತರದಿಂದ ದಕ್ಷಿಣಕ್ಕೆ 128 ಭಾಗ ಮಾಡಿತ್ತು. ಮೇಲಕ್ಕೆ ಆಕಾಶದಲ್ಲಿ 18 ಮಜಲು. ನಮ್ಮ ಶಾಲೆಯ ಮಾಸ್ತರುಗಳು ಮಕ್ಕಳ ಕೈಯಲ್ಲಿ ಈ ಗುಣಾಕಾರ ಮಾಡಿಸಬಹುದು: 256 ಗುಣಿಸು 128 ಗುಣಿಸು 18, ಅಂದರೆ 5,89,824. ಇಷ್ಟು ಅಂಕಿ ಬರೀ ಬಿಸಿಯೊಂದಕ್ಕೆ. ಪೂರ್ವ ಪಶ್ಚಿಮದ ಗಾಳಿಗೆ ಇನ್ನಷ್ಟು, ದಕ್ಷಿಣೋತ್ತರ ಗಾಳಿಗೆ ಇನ್ನಷ್ಟು, ತೇವಕ್ಕೆ ಇನ್ನಷ್ಟು. ಮೇಲಾಗಿ ಹಿಂದಿನ ಗಳಿಗೆಯದೂ ಬೇಕು, ಈಗಿನದೂ ಬೇಕು. ಇಂಥ ಏಳು ಕಟ್ಟು ಇಟ್ಟರೆ ಕ್ರೇ ಯಂತ್ರದ ಹಗೇವು ಬಾಯಿತನಕ ತುಂಬಿತು.

ಹಾಗಾದರೆ ಅದು ಓಡಿದ್ದು ಹೆಂಗ? ಇಂಥ ಪ್ರೋಗ್ರಾಮು ಬರೆದ ಹಳೆಯ ಮಂದಿಯ ಜಾಣತನ ಇಲ್ಲಿದೆ. ಅವರು ಇಡೀ ಭೂಮಿಯ ಅಂಕಿಗಳನ್ನು ಚೌಕಗಳಲ್ಲಿ ಇಡದೆ ಅಲೆಗಳ ಲೆಕ್ಕದಲ್ಲಿ ಸುತ್ತಿ ಇಟ್ಟರು. ಟಿ-80ರ 80 ಎಂಬುದು ಆ ಅಲೆಗಳ ಎಣಿಕೆ. ಹೀಗೆ ಸುತ್ತಿದರೆ ಬಿಸಿಯ 5,89,824 ಅಂಕಿಗಳ ಬದಲು 1,19,556 ಅಂಕಿ ಸಾಕು, ಸುಮಾರು ಐದರಲ್ಲಿ ಒಂದು ಪಾಲು. ಆಮೇಲೆ ಒಂದು ಅಕ್ಷಾಂಶದ ಪಟ್ಟಿಯನ್ನಷ್ಟೇ ಬಿಚ್ಚಿ, ಮಳೆ ಬಿಸಿಲಿನ ಲೆಕ್ಕ ಮಾಡಿ, ಮತ್ತೆ ಸುತ್ತಿಟ್ಟು, ಅದೇ ಜಾಗದಲ್ಲಿ ಮುಂದಿನ ಪಟ್ಟಿ ಬಿಚ್ಚುವುದು. ಒಂದೇ ಕಣದಲ್ಲಿ ಇವತ್ತು ನಮ್ಮ ಜೋಳ, ನಾಳೆ ನಿಮ್ಮ ಕಡಲೆ ಒಕ್ಕಿದ ಹಾಗೆ. ಅಷ್ಟು ಮಾಡಿಯೂ ಆ ಚೌಕ ನಮ್ಮ ಕಡೆ ಸುಮಾರು 150 ಕಿಲೋಮೀಟರ್ ಉದ್ದ, 150 ಅಗಲ. ನಮ್ಮ ಸಾಂಗ್ಲಿ ಜಿಲ್ಲೆಯಂಥವು ಎರಡೂವರೆ ಅದರಲ್ಲಿ ಹಿಡಿಯುತ್ತವೆ. ಕೃಷ್ಣೆಯ ದಂಡೆಯ ಕಬ್ಬಿನ ಹೊಲವೂ ನಮ್ಮ ಒಣ ಮಡ್ಡಿಯೂ ಅದರ ಪಾಲಿಗೆ ಒಂದೇ ಅಂಕಿ ಆಗಿಹೋಗುವಷ್ಟು ದೊಡ್ಡದು. ಕಾಕಾ, ನೀವು ಆಗ ಕೇಳಿದ್ದರೆ ಉತ್ತರ ಇಷ್ಟೇ ಆಗುತ್ತಿತ್ತು: ಅವಗ ತಿಕೋಂಡಿ ಗೊತ್ತಿಲ್ಲ, ಗೊತ್ತಾಗೂದಿಲ್ಲ.

ಚೌಕವನ್ನು ಅರ್ಧ ಮಾಡಿದರೆ ಆಗದೇನು ಅಂದರೆ, ಉದ್ದ ಅಗಲ ಎರಡೂ ಅರ್ಧ ಆದಾಗ ಚೌಕಗಳು ನಾಲ್ಕು ಪಟ್ಟು. ಲೆಕ್ಕದ ಗಳಿಗೆಯನ್ನೂ ಅರ್ಧ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಗಾಳಿ ಒಂದೇ ನೆಗೆತಕ್ಕೆ ಚೌಕ ದಾಟಿ ಹೋಗಿ ಲೆಕ್ಕ ಕೆಡುತ್ತದೆ. ಕೆಲಸ ಒಟ್ಟು ಎಂಟು ಪಟ್ಟು. ಅಂಥ ಯಂತ್ರ ಕೊಳ್ಳುತ್ತೇವೆ ಅಂದರೆ ಆಗ ಅಮೆರಿಕ ಕೊಡುವ ಮನಸ್ಸಿನಲ್ಲಿ ಇರಲಿಲ್ಲ.

ಬೆಂಗಳೂರಿನ ಕಥೆ ಇಲ್ಲಿಂದ ಸುರುವಾಗುತ್ತದೆ. ಅಲ್ಲಿ ವಿಮಾನಗಳ ಸಂಶೋಧನೆಯ ರಾಷ್ಟ್ರೀಯ ಪ್ರಯೋಗಾಲಯ ಇದೆ, ಜನ ಅದನ್ನು ಎನ್‌ಎಎಲ್ ಅನ್ನುತ್ತಾರೆ. ಅದರ ನಿರ್ದೇಶಕರಾಗಿದ್ದವರು ಪ್ರೊಫೆಸರ್ ರೊದ್ದಂ ನರಸಿಂಹ. ಗಾಳಿಯ ಹರಿವನ್ನು ಜೀವಮಾನವಿಡೀ ಓದಿದ ಮನುಷ್ಯ. ವಿಮಾನದ ರೆಕ್ಕೆಯ ಮೇಲಿನ ಗಾಳಿಯಾಗಲಿ, ಮುಂಗಾರಿನ ಗಾಳಿಯಾಗಲಿ, ಅವರಿಗೆ ಎರಡೂ ಒಂದೇ ವಂಶದವು. 1986ರಲ್ಲಿ ಅಲ್ಲಿ ಫ್ಲೋಸಾಲ್ವರ್ ಎಂಬ ಕೆಲಸ ಹಿಡಿದರು. ಯು. ಎನ್. ಸಿನ್ಹಾ ಅದರ ಮುಂದಾಳು. ಒಂದು ದೊಡ್ಡ ಯಂತ್ರ ಸಿಗದಿದ್ದರೆ ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ ಒಟ್ಟಿಗೆ ದುಡಿಸೋಣ ಎಂಬುದು ವಿಚಾರ. ಅಂಗಡಿಯಲ್ಲಿ ಸಿಗುವ ಇಂಟೆಲ್ ಚಿಪ್ಪುಗಳಿಂದಲೇ ಮೊದಲ ಯಂತ್ರ ಕಟ್ಟಿದರು. ಪುಣೆಯ ಸಿ-ಡ್ಯಾಕ್‌ನ ಪರಮ್ ಯಂತ್ರದ ಹೆಸರು ನಮ್ಮ ಮಾಸ್ತರುಗಳಿಗೆಲ್ಲ ಗೊತ್ತು, ಅದು ಬಂದದ್ದು 1991ರಲ್ಲಿ. ಬೆಂಗಳೂರಿನ ಈ ಕೆಲಸ ಅದಕ್ಕೂ ಹಿಂದಿನದು, ಆದರೆ ಅದರ ಹೆಸರು ಯಾಕೋ ಶಾಲೆಯ ಪುಸ್ತಕದ ತನಕ ಬಂದು ಮುಟ್ಟಲಿಲ್ಲ.

ಹಲವು ಎತ್ತು ಕಟ್ಟಿದರೆ ಗಾಡಿ ಎಳೆಯುತ್ತದೆ, ಖರೆ. ಆದರೆ ಇಲ್ಲಿ ಒಂದು ಹೊಸ ಗಂಟು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದೊಂದು ಪ್ರೊಸೆಸರಿಗೂ ತನ್ನದೇ ಮೆಮರಿ ಇರುತ್ತದೆ. ಒಬ್ಬನ ಜಾಗದ ನಂಬರು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ನಮಗೆ ಇದನ್ನು ಬಿಡಿಸಿ ಹೇಳುವ ಗರಜೇ ಇಲ್ಲ. ನಮ್ಮ ಹೊಲದ ಗಟ್ ನಂಬರು ಹಿಡಿದು ಗಡಿ ದಾಟಿ ತಿಕೋಟಾದ ಕಚೇರಿಗೆ ಹೋಗಿ ನೋಡ್ರಿ. ಅಲ್ಲಿ ಸರ್ವೇ ನಂಬರು, ಪಹಣಿ. ಅದೇ ನಂಬರು ಅಲ್ಲಿ ಇದ್ದರೂ ಇರಬಹುದು, ಆದರೆ ಅದು ಮತ್ತಾರದೋ ಹೊಲ! ಹಾಗಾಗಿ ನಂಬರು ಕೊಟ್ಟು ಕಳಿಸಿದರೆ ನಡೆಯುವುದಿಲ್ಲ. ಅಂಕಿಗಳನ್ನೇ ಗಂಟು ಕಟ್ಟಿ, ಗಡಿ ದಾಟಿಸಿ, ಆ ಕಡೆಯವನ ಜಾಗದಲ್ಲಿ ಇಳಿಸಿ ಬರಬೇಕು. ಒಂದೇ ಮೆಮರಿ ಇರುತ್ತದೆಂದು ನಂಬಿ, ಗಾಯರಾಣದ ಮೇಲೆ ಮನೆ ಕಟ್ಟಿದ ಹಳೆಯ ಪ್ರೋಗ್ರಾಮುಗಳಿಗೆ ಇದು ಹೇಳಿಸಿದ್ದಲ್ಲ. ಯಾವ ಅಂಕಿ ಯಾರದು ಎಂದು ಮೊದಲು ವಾಟಣಿ ಮಾಡಬೇಕು.

ಬೆಂಗಳೂರಿನವರು ಟಿ-80 ಪ್ರೋಗ್ರಾಮನ್ನು ಫ್ಲೋಸಾಲ್ವರಿನ ಮೂರನೇ ಯಂತ್ರದ ಮೇಲೆ ಓಡಿಸಿ ತೋರಿಸಿದರು. 1994ರಲ್ಲಿ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದರ ವರದಿ ಬಂತು. ಪುಣೆಯ ಒಂದು ಗ್ರಂಥಾಲಯದಲ್ಲಿ ಅದನ್ನು ನಿಂತೇ ಓದಿದ ನೆನಪು ನನಗಿದೆ. ಆ ಹೆಸರುಗಳ ನಡುವೆ ನಮ್ಮ ಕಡೆಯವರು ಯಾರಾದರೂ ಇದ್ದಾರೇನು ಎಂದು ಹುಡುಕಿದ್ದೂ ನೆನಪಿದೆ.

ಆದರೆ ಓಡಿಸುವುದಷ್ಟೇ ಅವರಿಗೆ ಸಾಕಾಗಲಿಲ್ಲ. ಅಷ್ಟರಲ್ಲಿ ಫೋರ್ಟ್ರಾನ್ 90 ಎಂಬ ಹೊಸ ನಿಯಮ ಬಂದಿತ್ತು. ಹೆಸರು 90, ಹೊರಬಿದ್ದದ್ದು 1991ರಲ್ಲಿ. ಪಂಚ ಕಮಿಟಿ ಎಲ್ಲ ಕಡೆಯೂ ಒಂದೇ ನೋಡ್ರಿ, ವರ್ಷಗಟ್ಟಲೆ ಜಗಳಾಡಿ ಕೊಟ್ಟರು. ಅದು ಕೊಟ್ಟದ್ದು ಏನೆಂದರೆ, ಜಾಗವನ್ನು ಪ್ರೋಗ್ರಾಮು ಓಡುತ್ತಿರುವಾಗ ಕೇಳಿ ಪಡೆಯಬಹುದು, ಕೆಲಸ ಮುಗಿದ ಮೇಲೆ ಮರಳಿಸಬಹುದು. ಇನ್ನೂರು ಮಂದಿ ಬಂದರೆ ಇನ್ನೂರರ ಹಂದರ, ನಾಲ್ಕುನೂರು ಬಂದರೆ ನಾಲ್ಕುನೂರರದು. ಗಾಯರಾಣದ ಬದಲು ಮಾಡ್ಯೂಲ್ ಎಂಬ ದಫ್ತರ ಬಂತು. ಯಾವ ಅಂಕಿ ಎಲ್ಲಿದೆ ಎಂದು ಒಂದೇ ಕಡೆ ಬರೆದಿಟ್ಟರೆ ಸಾಕು, ಎಲ್ಲರೂ ಅದನ್ನೇ ನೋಡುತ್ತಾರೆ. ಸಬ್‌ರುಟೀನಿಗೆ ನಂಬರು ಕೊಡುವಾಗ, ನೋಡಲಿಕ್ಕೆ ಮಾತ್ರ, ಮುಟ್ಟಬಾರದು ಎಂದು ಬರೆದು ಕೊಡುವ ಸೌಲಭ್ಯವೂ ಬಂತು. ಅದು ನನಗೆ ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ನನ್ನ ವರ್ಷದ ಹನ್ನೆರಡನೇ ತಿಂಗಳು ಉಳಿಯುತ್ತಿತ್ತು.

ಎನ್‌ಎಎಲ್‌ನವರು ಮಳೆಯ ಪ್ರೋಗ್ರಾಮನ್ನು ಈ ಹೊಸ ಭಾಷೆಯಲ್ಲಿ ಮತ್ತೆ ಬರೆಯಲು ಕೂತರು. ಇದು ಮಹಾ ಬ್ಯಾಸರದ ಕೆಲಸ. ಹಳೆಯ ವಾಡೆ ಬಿಚ್ಚಿ, ಒಂದೊಂದು ತೊಲೆಗೂ ಗುರುತು ಹಾಕಿ, ಮತ್ತೆ ಕಟ್ಟಿದ ಹಾಗೆ. ಕಟ್ಟಿದ ಮೇಲೆ ಉತ್ತರ ಮೊದಲಿನದೇ ಬರಬೇಕು, ಇಲ್ಲದಿದ್ದರೆ ಎಲ್ಲಿಯೋ ಒಂದು ತೊಲೆ ಅದಲು ಬದಲಾಗಿದೆ ಎಂದು ಅರ್ಥ. ಇದರಿಂದ ಪ್ರೋಗ್ರಾಮಿಗೆ ಏನು ಲಾಭವಾಯಿತು ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ರವಿ ನಂಜುಂಡಯ್ಯ ಮತ್ತು ಸಿನ್ಹಾ ಸೇರಿ 1999ರಲ್ಲಿ ಅದೇ ಕರೆಂಟ್ ಸೈನ್ಸ್‌ನಲ್ಲಿ ಬರೆದರು. ಮುಂದೆ ಇದೇ ಕೆಲಸದಿಂದ ಬೆಳೆದ ಪ್ರೋಗ್ರಾಮಿಗೆ ಅವರು ಇಟ್ಟ ಹೆಸರು 'ವರ್ಷ'. ಮಳೆ ಎಂಬ ಅರ್ಥದ್ದು. ಪರದೇಶದಿಂದ ಬಂದ ಮಳೆಯ ಲೆಕ್ಕವನ್ನು ಬಿಚ್ಚಿ ಕಟ್ಟಿದ ಕೈಗಳಿಗೆ ಅದಕ್ಕೆ ಹೆಸರಿಡುವ ಹಕ್ಕು ಇತ್ತು ಎಂದು ನನ್ನ ಮತ. ದೊಡ್ಡ ಯಂತ್ರ ಕಟ್ಟಿದ್ದಕ್ಕೆ ಸಿಗುವ ಹಾರ ತುರಾಯಿ ಹೀಗೆ ಒಳಗೊಳಗೆ ತಿದ್ದಿ ಬರೆದ ಕೆಲಸಕ್ಕೆ ಸಿಗುವುದಿಲ್ಲ.

ಫೋರ್ಟ್ರಾನ್ 90 ತಂದ ಇನ್ನೊಂದು ವಸ್ತು ಪಾಯಿಂಟರ್. ಇದು ಜಾಗದ ನಂಬರನ್ನೇ ಬರೆದಿಟ್ಟುಕೊಳ್ಳುವ ಚೀಟಿ, ಉತಾರವೇ ಅನ್ನಿ. ಸಬ್‌ರುಟೀನಿಗೆ ಖಾಲಿ ಚೀಟಿ ಕೊಟ್ಟು ಕಳಿಸಬಹುದು. ಅವನು ತನಗೆ ಬೇಕಾದಷ್ಟು ಜಾಗ ಹಿಡಿದು, ನಂಬರು ಬರೆದು, ಚೀಟಿ ಮರಳಿ ತಂದು ಕೊಡುತ್ತಾನೆ. ಎಷ್ಟು ಜಾಗ ಬೇಕೆಂದು ಕರೆದವನಿಗೆ ಮೊದಲೇ ತಿಳಿಯದಿದ್ದಾಗ ಇದು ಬಹಳ ಉಪಯೋಗ. ಹಾಗೆಯೇ ಬಹಳ ಅಪಾಯ.

ನಮ್ಮೂರ ಗುಡಿಯ ಭಾಂಡೆಗಳನ್ನು ಲಗ್ನಕ್ಕೆ ಒಯ್ಯುತ್ತೇವಲ್ಲ, ವಹಿಯಲ್ಲಿ ಹೆಸರು ಬರೆಸಿ. ಒಯ್ದವನು ಮರಳಿ ತಂದಿಡಬೇಕು. ವಹಿಯ ಆ ಹಾಳೆಯೇ ಹರಿದುಹೋದರೆ? ಭಾಂಡೆ ಯಾರದೋ ಅಟ್ಟದ ಮೇಲೆ ಇದ್ದೇ ಇರುತ್ತದೆ, ಆದರೆ ಊರಿಗೆ ಇಲ್ಲದಂತೆಯೇ. ಪಾಯಿಂಟರಿನದೂ ಹಾಗೆ. ಚೀಟಿ ಕಳೆದರೆ ಹಿಡಿದ ಜಾಗ ಕಳೆಯಿತು, ಪ್ರೋಗ್ರಾಮು ಮುಗಿಯುವ ತನಕ ಮತ್ತಾರಿಗೂ ಸಿಗುವುದಿಲ್ಲ. 1998ರ ಸುಮಾರಿಗೆ ನಾನು ಪುಣೆಯಲ್ಲಿ ಹೊಳೆಯ ನೀರಿನ ಹರಿವಿನ ಲೆಕ್ಕದ ಕೆಲಸದಲ್ಲಿದ್ದೆ. ರಾತ್ರಿ ಪ್ರೋಗ್ರಾಮು ಹಚ್ಚಿ ಮನೆಗೆ ಹೋದರೆ ಮುಂಜಾನೆ ಸತ್ತು ಬಿದ್ದಿರುತ್ತಿತ್ತು. ಹಗಲು ಸಣ್ಣ ಲೆಕ್ಕ ಕೊಟ್ಟು ನೋಡಿದರೆ ಎಲ್ಲ ಸರಿ. ಕೊನೆಗೆ ಸಿಕ್ಕದ್ದು ನಾನೇ ಬರೆದ ಒಂದು ಸಬ್‌ರುಟೀನು. ಒಂದೊಂದು ಹೆಜ್ಜೆಗೂ ಒಂದು ಲಕ್ಷ ಅಂಕಿಯ ಜಾಗ ಹಿಡಿಯುತ್ತಿತ್ತು, ಅಂದರೆ 8 ಲಕ್ಷ ಬೈಟು. ಕೆಲಸ ಮುಗಿದ ಮೇಲೆ ಬಿಡುತ್ತಿರಲಿಲ್ಲ. ಯಂತ್ರದ ಮೆಮರಿ 64 ಎಂಬಿ. ಎಂಬತ್ತು ಹೆಜ್ಜೆಯ ಹೊತ್ತಿಗೆ ಅಷ್ಟೂ ನುಂಗಿ, ಡಿಸ್ಕಿನಿಂದ ಸಾಲ ಎತ್ತಿ, ಇನ್ನೊಂದಿಷ್ಟು ದೂರ ತೆವಳಿ ಸಾಯುತ್ತಿತ್ತು. ತಿದ್ದಲಿಕ್ಕೆ ಬೇಕಾದದ್ದು ಒಂದೇ ಸಾಲು. ಹುಡುಕಲಿಕ್ಕೆ ಹಿಡಿದದ್ದು ಇಡೀ ದೀಪಾವಳಿಯ ಸುಟಿ. ಆ ವರ್ಷ ಊರಿಗೆ ಬರಲಿಲ್ಲ ಎಂದು ಅವ್ವ ಬಹಳ ದಿವಸ ಸಿಟ್ಟಾಗಿದ್ದಳು.

ಇದರ ತಿರುವುಮುರುವಿನ ತಪ್ಪು ಇನ್ನೂ ಕೆಟ್ಟದ್ದು. ಒಂದೇ ಹೊಲದ ಉತಾರ ಇಬ್ಬರ ಕೈಯಲ್ಲಿ ಇರುತ್ತದೆ. ಒಬ್ಬ ಹೊಲ ಮಾರಿಬಿಡುತ್ತಾನೆ. ಇನ್ನೊಬ್ಬನಿಗೆ ಸುದ್ದಿಯಿಲ್ಲ, ಹಳೆಯ ಉತಾರ ಹಿಡಿದು ಬಿತ್ತಲಿಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಅಲ್ಲಿ ಬೇರೆಯವನ ಪೀಕು ನಿಂತಿರುತ್ತದೆ. ಪ್ರೋಗ್ರಾಮಿನಲ್ಲಿ ಹೀಗಾದರೆ ಮಳೆಯ ಅಂಕಿಯ ಮೇಲೆ ಬಿಸಿಲಿನ ಅಂಕಿ ಬೀಳುತ್ತದೆ, ಒಮ್ಮೊಮ್ಮೆ ಉತ್ತರ ನೋಡಲಿಕ್ಕೆ ಸರಿಯಾಗಿಯೇ ಕಾಣುತ್ತದೆ. ಸಾಯುವ ಪ್ರೋಗ್ರಾಮಿಗಿಂತ ಸುಳ್ಳು ಹೇಳುವ ಪ್ರೋಗ್ರಾಮಿಗೆ ನಾನು ಹೆಚ್ಚು ಅಂಜುತ್ತಿದ್ದೆ.

ಭಾಷೆಯನ್ನು ನೋಡಿಕೊಳ್ಳುವವರೂ ಇದನ್ನು ಬಲ್ಲರು. ಫೋರ್ಟ್ರಾನ್ 95ರಲ್ಲಿ ಒಂದು ನಿಯಮ ಮಾಡಿದರು: ಸಬ್‌ರುಟೀನು ತನ್ನ ಸ್ವಂತ ಕೆಲಸಕ್ಕೆಂದು ಅಲೊಕೇಟಬಲ್ ಎಂಬ ಬಗೆಯಲ್ಲಿ ಹಿಡಿದ ಜಾಗ ಅವನು ಹೊರಬೀಳುವಾಗ ತಾನಾಗಿಯೇ ಮರಳುತ್ತದೆ. ಗುಡಿಯ ಭಾಂಡೆಗಳು ತಾವೇ ನಡೆದು ಬಂದ ಹಾಗೆ. ಫೋರ್ಟ್ರಾನ್ 2003ರಲ್ಲಿ, ಇಂಥ ಜಾಗವನ್ನು ಒಬ್ಬ ಸಬ್‌ರುಟೀನಿನಿಂದ ಇನ್ನೊಬ್ಬನಿಗೆ ಒಡೆತನದ ಸಮೇತ ಕೊಡಲಿಕ್ಕೂ ಬಂತು. ಅಲ್ಲಿಗೆ ಪಾಯಿಂಟರಿನ ಗರಜು ಬಹಳಷ್ಟು ಕಡಿಮೆಯಾಯಿತು. ಹೊಸದಾಗಿ ಕಲಿಯುವ ಹುಡುಗರಿಗೆ ನಾನು ಹೇಳುತ್ತಿದ್ದದ್ದೂ ಅಷ್ಟೇ, ಅಲೊಕೇಟಬಲಿನಲ್ಲಿ ಆಗುವ ಕೆಲಸಕ್ಕೆ ಪಾಯಿಂಟರ್ ಹಿಡಿಯಬ್ಯಾಡ್ರಿ. ಕೇಳಿದವರು ಕೆಲವರು. ಉಳಿದವರು ನನ್ನಂತೆ ಒಂದೊಂದು ದೀಪಾವಳಿ ಕಳೆದುಕೊಂಡು ಕಲಿತರು.

ಯಂತ್ರಗಳು ಬೆಳೆದದ್ದನ್ನು ವಿಸ್ತರಿಸಿ ಬರೆಯುವುದಿಲ್ಲ, ಪೇಪರಿನಲ್ಲಿ ಬಂದದ್ದೇ. 2018ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಪ್ರತ್ಯೂಷ್ ಬಂತು, ಆ ಹೊತ್ತಿಗೆ ಜಗತ್ತಿನ ಲೆಕ್ಕದ ಚೌಕ 12 ಕಿಲೋಮೀಟರಿಗೆ ಇಳಿಯಿತು. 2024ರಲ್ಲಿ ಅಲ್ಲಿಗೇ ಅರ್ಕ ಎಂಬ ಯಂತ್ರ ಬಂತು. 2025ರ ಮೇ ತಿಂಗಳಲ್ಲಿ ಭಾರತ್ ಮುನ್ಸೂಚನಾ ವ್ಯವಸ್ಥೆ ಸುರುವಾಗಿ ಚೌಕ 6 ಕಿಲೋಮೀಟರಿಗೆ ಬಂದಿದೆ. 150ರ ಒಂದು ಚೌಕದ ಜಾಗದಲ್ಲಿ ಈಗ 625 ಚೌಕ.

ಬರೆದದ್ದನ್ನು ವಾಚನಾಲಯದಲ್ಲಿ ಕಾಕಾನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ನಿದ್ದಿ ಹತ್ತಿತೇನೋ ಅಂದುಕೊಂಡೆ. 2022ರ ಕೊನೆಗೆ ತುಬಚಿ ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ನಮ್ಮ ಕೆರೆಗೆ ಬಂದ ದಿವಸ ಇಡೀ ಊರು ಕೆರೆಯ ಮೇಲೆ ನಿಂತಿತ್ತಲ್ಲ, ಕಾಕಾ ಅವತ್ತೂ ಹೀಗೆಯೇ ಕಣ್ಣು ಮುಚ್ಚಿ ನೀರಿನ ಸಪ್ಪಳ ಕೇಳುತ್ತಾ ಕೂತಿದ್ದರು. ಅವರ ಹೊಲಕ್ಕೆ ಆ ನೀರು ಹತ್ತುವುದಿಲ್ಲ. ಮ್ಯಾಲಿನ ಮಡ್ಡಿಯದು, ಮಳೆಯ ಮೇಲೆಯೇ.

"ಆರ ಕಿಲೋಮೀಟರ ಅಂದಿ" ಅಂದರು ಕಣ್ಣು ತೆರೆದು. "ಹಂಗಾದ್ರ ಊರು ಮತ್ತ ನಮ್ಮ ಮಡ್ಡಿ ಒಂದ ಚೌಕದಾಗ ಬರ್ತಾವೋ, ಬ್ಯಾರೆ ಬ್ಯಾರೆ ಚೌಕದಾಗೋ?"

"ನಕಾಶಿ ಹಾಕಿ ನೋಡಬೇಕ ಕಾಕಾ."

"ನೋಡು. ನಾ ಕೂತಿರ್ತೀನಿ" ಅಂದು ಎಲಿ ಅಡಿಕಿ ಚೀಲ ಬಿಚ್ಚಿದರು.